ಐದು ಹೆಣ್ಣು ಗಿಡಗಳು: ಸ್ಟ್ರಾಬೆರಿ ನರ್ಸರಿಯ ಮುನ್ನೂರು ವರ್ಷದ ಪಾಠ

ಪಪ್ಪಾಯ ಬೆಳೆದವರಿಗೆ ಇದು ಹೊಸ ವಿಷಯವಲ್ಲ. ಬೀಜ ಹಾಕಿ ಸಸಿ ಎಬ್ಬಿಸಿ ನೆಟ್ಟರೆ, ಕೆಲವು ಗಿಡಗಳಲ್ಲಿ ಉದ್ದ ತೊಟ್ಟಿನ ಹೂಗೊಂಚಲು ಜೋತಾಡುತ್ತದೆ, ಕಾಯಿ ಕಚ್ಚುವುದಿಲ್ಲ. ಅದು ಗಂಡು ಗಿಡ. ಅಂಥವನ್ನು ಕಡಿದು ಹಾಕುತ್ತೇವೆ. ಆದರೂ ತಿಳಿದವರು ತೋಟದಲ್ಲಿ ಒಂದೆರಡು ಇರಲಿ ಎನ್ನುತ್ತಾರೆ. ಅಡಿಕೆ ತೋಟದ ನಡುವೆ ಜಾಯಿಕಾಯಿ ಬೆಳೆಯುವವರೂ ಇದೇ ಮಾತು ಹೇಳುತ್ತಾರೆ. ಕಾಯಿ ಬಿಡದ ಗಿಡಕ್ಕೂ ತೋಟದಲ್ಲಿ ಒಂದು ಕೆಲಸವಿದೆ.

ಈ ಸರಳ ಸಂಗತಿ ಗೊತ್ತಿಲ್ಲದೆ ಯೂರೋಪಿನ ರಾಜರ ತೋಟಗಳಲ್ಲಿ ಸುಮಾರು ಐವತ್ತು ವರ್ಷ ಒಂದು ಗಿಡ ಸೊಂಪಾಗಿ ಬೆಳೆದು, ಹೂ ಬಿಟ್ಟು, ಹಣ್ಣು ಮಾತ್ರ ಸರಿಯಾಗಿ ಕೊಡದೆ ನಿಂತಿತ್ತು. ಅದು ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ಬಂದ ನಾಡ ಸ್ಟ್ರಾಬೆರಿ. ಇಂದು ಪೇಟೆಯಲ್ಲಿ ಸಿಗುವ ದಪ್ಪ ಕೆಂಪು ಸ್ಟ್ರಾಬೆರಿಯೆಲ್ಲ ಆ ಗಿಡದ ವಂಶದ್ದೇ. ನಾಡ ಗಿಡವೊಂದನ್ನು ನರ್ಸರಿಯಲ್ಲಿ ಹೆಚ್ಚಿಸಲು ಹೊರಟವರೆಲ್ಲ ಒಮ್ಮೆ ಓದಬೇಕಾದ ಕಥೆ ಇದು.

ಹಂಬಿನ ತುದಿಯ ಮಗಳು

ಮೊದಲು ಸ್ಟ್ರಾಬೆರಿ ಗಿಡ ಹೇಗೆ ಹೆಚ್ಚುತ್ತದೆ ಎಂದು ನೋಡೋಣ. ಗದ್ದೆ ಬದಿಯ ಒಂದೆಲಗವನ್ನು ನೆನಪಿಸಿಕೊಳ್ಳಿ. ತಾಯಿ ಗಿಡದಿಂದ ತೆಳ್ಳಗಿನ ಹಂಬು ನೆಲದ ಮೇಲೆ ಹರಿಯುತ್ತದೆ. ಹಂಬಿನ ಗಿಣ್ಣು ಮಣ್ಣಿಗೆ ತಾಗಿದಲ್ಲಿ ಬೇರು ಬಿಟ್ಟು ಹೊಸ ಗಿಡ ಏಳುತ್ತದೆ. ಸ್ಟ್ರಾಬೆರಿಯೂ ಹೀಗೆಯೇ. ಅದರ ಹಂಬಿನಲ್ಲಿ ಸಾಮಾನ್ಯವಾಗಿ ಒಂದು ಗಿಣ್ಣು ಬಿಟ್ಟು ಒಂದು ಗಿಣ್ಣಿನಲ್ಲಿ ಮರಿ ಗಿಡ ಹುಟ್ಟುತ್ತದೆ. ಮರಿ ಬೇರೂರಿದ ಮೇಲೆ ಹಂಬನ್ನು ಕತ್ತರಿಸಿದರೆ ಅದು ಸ್ವತಂತ್ರ ಗಿಡ.

ನರ್ಸರಿಯವರಿಗೆ ಇದು ಬಹಳ ಅನುಕೂಲ. ತಾಯಿ ಗಿಡದ ಹೂವನ್ನು ಚಿವುಟಿ ಹಾಕಿದರೆ ಅದರ ಶಕ್ತಿಯೆಲ್ಲ ಹಂಬಿಗೆ ಹೋಗುತ್ತದೆ. ಒಂದು ತಾಯಿಯಿಂದ ಒಂದೇ ಹಂಗಾಮಿನಲ್ಲಿ ಹತ್ತಾರು ಮರಿ ಸಿಗುತ್ತವೆ. ಬೀಜದ ಗೊಡವೆಯೇ ಬೇಡ.

ಆದರೆ ಹಂಬಿನಿಂದ ಬಂದ ಮರಿ ತಾಯಿಯ ಪಡಿಯಚ್ಚು. ಬಾಳೆಯ ಕಂದು ಹೇಗೋ ಹಾಗೆ. ತಾಯಿಯ ಗುಣವೆಲ್ಲ ಮರಿಗೆ ಬರುತ್ತದೆ, ತಾಯಿಯ ರೋಗವೂ ಬರುತ್ತದೆ. ತಾಯಿ ಹೆಣ್ಣಾದರೆ ಮರಿಗಳೆಲ್ಲ ಹೆಣ್ಣು. ಹತ್ತು ಸಾವಿರ ಮರಿ ಮಾಡಿದರೂ ಅದು ಹತ್ತು ಸಾವಿರ ಕಡೆ ನಿಂತ ಒಂದೇ ಗಿಡ.

ಯೂರೋಪಿನವರಿಗೆ ಇದು ಬಹಳ ಕಾಲ ತೊಂದರೆ ಕೊಡಲಿಲ್ಲ. ಅವರ ಕಾಡಿನ ಸ್ಟ್ರಾಬೆರಿ ಚಿಕ್ಕದು, ಬೆರಳ ತುದಿಯಷ್ಟು. ಅದರ ಒಂದೊಂದು ಹೂವಿನಲ್ಲೂ ಗಂಡು ಭಾಗ, ಹೆಣ್ಣು ಭಾಗ ಎರಡೂ ಇರುತ್ತವೆ. ಯಾವ ಗಿಡ ಕಿತ್ತು ತಂದು ನೆಟ್ಟರೂ ಹಣ್ಣು ಬರುತ್ತಿತ್ತು. 1368ರಲ್ಲಿ ಫ್ರಾನ್ಸಿನ ದೊರೆ ಐದನೆಯ ಚಾರ್ಲ್ಸ್‌ನ ತೋಟಗಾರ ಪ್ಯಾರಿಸ್ಸಿನ ಲೂವ್ರ್ ಅರಮನೆಯ ತೋಟದಲ್ಲಿ 1,200 ಸ್ಟ್ರಾಬೆರಿ ಗಿಡ ನೆಡಿಸಿದ್ದ ಎಂದು ದಾಖಲೆಯಿದೆ. ಕಾಡಿನಿಂದ ತರುವುದು, ಹಂಬು ಹಬ್ಬಿಸುವುದು, ಮರಿ ಕಿತ್ತು ನೆಡುವುದು. ಶತಮಾನಗಳ ಕಾಲ ಅವರ ನರ್ಸರಿ ಕೆಲಸ ಇಷ್ಟೇ ಆಗಿತ್ತು.

ಗೂಢಚಾರನ ಕಣ್ಣಿಗೆ ಬಿದ್ದ ಹಣ್ಣು

ಅದೇ ಕಾಲದಲ್ಲಿ ಸಾಗರದಾಚೆ, ಚಿಲಿಯ ಕರಾವಳಿಯಲ್ಲಿ, ಮಾಪುಚೆ ಮತ್ತು ಅವರ ನೆರೆಯ ಮೂಲನಿವಾಸಿ ಜನ ಬೇರೊಂದು ಸ್ಟ್ರಾಬೆರಿಯನ್ನು ಬೆಳೆಯುತ್ತಿದ್ದರು. ಮರಳು ದಿಬ್ಬಗಳ ಮೇಲೆ ತಾನಾಗಿ ಹಬ್ಬುವ ಸಣ್ಣ ಹಣ್ಣಿನ ಗಿಡವನ್ನು ಆರಿಸಿ ಆರಿಸಿ, ತಲೆಮಾರುಗಳ ಕಾಲ ನೆಟ್ಟು, ದಪ್ಪ ಹಣ್ಣಿನ ಬೆಳೆಯಾಗಿ ಮಾಡಿದವರು ಅವರು. ಹಣ್ಣಿನ ಬಣ್ಣ ಬಿಳುಪು, ಇಲ್ಲವೇ ತೆಳು ಕೆಂಪು. ಅದನ್ನು ತಾಜಾ ತಿನ್ನುತ್ತಿದ್ದರು, ಒಣಗಿಸಿಡುತ್ತಿದ್ದರು, ಹುಳಿ ಬರಿಸಿ ಪಾನೀಯ ಮಾಡುತ್ತಿದ್ದರು. ಸ್ಪೇನಿನವರು ಬಂದ ಮೇಲೆ ಅದಕ್ಕೆ ‘ಫ್ರುತೀಯ’ ಎಂದರು. ಪುಟ್ಟ ಹಣ್ಣು ಎಂದು ಅರ್ಥ.

1712ರ ಜನವರಿಯಲ್ಲಿ ಫ್ರಾನ್ಸಿನ ಸಾಂ ಮಾಲೊ ಬಂದರಿನಿಂದ ಒಂದು ಹಡಗು ಹೊರಟಿತು. ಅದರಲ್ಲಿ ಅಮೆದೆ ಫ್ರಾಂಸ್ವಾ ಫ್ರೆಜಿಯೆ ಎಂಬ ಸೇನಾ ಎಂಜಿನಿಯರ್ ಇದ್ದ. ವಯಸ್ಸು ಮೂವತ್ತರ ಆಸುಪಾಸು. ಚಿಲಿ ಮತ್ತು ಪೆರುವಿನಲ್ಲಿ ಸ್ಪೇನಿನವರು ಕಟ್ಟಿದ ಕೋಟೆಗಳು ಎಷ್ಟು ಗಟ್ಟಿ, ಫಿರಂಗಿ ಎಷ್ಟು, ಸೈನಿಕರು ಎಷ್ಟು ಎಂದು ನೋಡಿಕೊಂಡು ಬರುವುದು ಅವನಿಗೆ ವಹಿಸಿದ ಕೆಲಸ. ವ್ಯಾಪಾರಿಯ ವೇಷದಲ್ಲಿ ಊರೂರು ತಿರುಗಿ ನಕ್ಷೆ ಬರೆದ. ಜೊತೆಗೆ ಅಲ್ಲಿನ ಬೆಳೆ, ಜನರ ಬದುಕು ಎಲ್ಲವನ್ನೂ ಗಮನಿಸಿದ.

ಕೊನ್ಸೆಪ್ಸಿಯೊನ್ ಎಂಬ ಊರಿನಲ್ಲಿ ಹೊಲದ ತುಂಬ ಬೆಳೆದಿದ್ದ ಸ್ಟ್ರಾಬೆರಿ ಅವನ ಕಣ್ಣಿಗೆ ಬಿತ್ತು. ಆಕ್ರೋಟು ಗಾತ್ರದ ಹಣ್ಣು, ಕೆಲವೊಮ್ಮೆ ಕೋಳಿಮೊಟ್ಟೆಯಷ್ಟು ದೊಡ್ಡದು ಎಂದು 1716ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ ಬರೆದಿದ್ದಾನೆ. ರುಚಿ ಮಾತ್ರ ತಮ್ಮ ಕಾಡಿನ ಹಣ್ಣಿನಷ್ಟು ನಯವಲ್ಲ ಎಂದೂ ಸೇರಿಸಿದ್ದಾನೆ. ಕೆಲವು ಗಿಡಗಳನ್ನು ಕುಂಡದಲ್ಲಿಟ್ಟು ಹಡಗಿಗೆ ಏರಿಸಿದ.

1714ರ ಫೆಬ್ರವರಿಯಲ್ಲಿ ಹೊರಟ ಹಡಗು ಫ್ರಾನ್ಸಿನ ಮಾರ್ಸೇ ಬಂದರು ಸೇರಿದ್ದು ಆಗಸ್ಟ್ 17ಕ್ಕೆ. ಆರು ತಿಂಗಳ ಸಮುದ್ರಯಾನ, ಬಿಸಿಲಿನ ನಾಡುಗಳನ್ನು ದಾಟಿ. ಹಡಗಿನಲ್ಲಿ ಕುಡಿಯುವ ನೀರು ಲೆಕ್ಕ ಹಾಕಿ ಕೊಡುವ ಕಾಲ ಅದು. ಆ ನೀರಿನಲ್ಲಿ ಗಿಡಗಳಿಗೂ ಪಾಲು ಬೇಕಿತ್ತು. ಕೊನೆಗೆ ಜೀವ ಹಿಡಿದು ಉಳಿದದ್ದು ಐದು ಗಿಡ.

ಐದರಲ್ಲಿ ಎರಡನ್ನು ಹಡಗಿನ ನೀರಿನ ಉಸ್ತುವಾರಿ ಹೊತ್ತವನಿಗೆ ಕೊಟ್ಟ. ನೀರು ಕೊಟ್ಟು ಕಾಪಾಡಿದ ಋಣಕ್ಕೆ. ಒಂದನ್ನು ಪ್ಯಾರಿಸ್ಸಿನ ರಾಜೋದ್ಯಾನದ ಸಸ್ಯಶಾಸ್ತ್ರಜ್ಞ ಆಂತ್ವಾನ್ ದ ಜ್ಯುಸ್ಯುಗೆ ಕೊಟ್ಟ. ಒಂದನ್ನು ಕೋಟೆಗಳ ಇಲಾಖೆಯ ಮೇಲಧಿಕಾರಿಗೆ. ಒಂದನ್ನು ತಾನೇ ಇಟ್ಟುಕೊಂಡ.

ಹೂವುಂಟು, ಹಣ್ಣಿಲ್ಲ

ಗಿಡಗಳು ಚೆನ್ನಾಗಿ ಹಬ್ಬಿದವು. ಒಂದು ತೋಟದಿಂದ ಇನ್ನೊಂದಕ್ಕೆ ಹಂಬಿನ ಮರಿಗಳು ಹೋದವು. ಫ್ರಾನ್ಸಿನಿಂದ ಹಾಲೆಂಡಿಗೆ, ಅಲ್ಲಿಂದ 1727ರಲ್ಲಿ ಇಂಗ್ಲೆಂಡಿನ ಚೆಲ್ಸಿ ಔಷಧಿ ತೋಟದ ಫಿಲಿಪ್ ಮಿಲ್ಲರ್ ಕೈಗೆ. ಎಲ್ಲರೂ ಕೋಳಿಮೊಟ್ಟೆ ಗಾತ್ರದ ಹಣ್ಣಿಗೆ ಕಾದರು. ಬಂದದ್ದು ಹೂವು ಮಾತ್ರ. ಎಲ್ಲೋ ಒಂದು ಸೊಟ್ಟ ಹಣ್ಣು ಬಂದರೆ ಬಂತು. ಮಣ್ಣು ಸರಿಯಿಲ್ಲ ಎಂದರು, ಹವೆ ಒಗ್ಗಲಿಲ್ಲ ಎಂದರು, ಗೊಬ್ಬರ ಬದಲಿಸಿದರು. ಬೇಸತ್ತು ಹಲವರು ಕಿತ್ತೆಸೆದರು.

ಯೂರೋಪಿಗೆ ಬಂದಿದ್ದು ಹೆಣ್ಣು ಗಿಡಗಳು. ಚಿಲಿಯ ಸ್ಟ್ರಾಬೆರಿಯಲ್ಲಿ ಹೆಣ್ಣು ಹೂವಿನ ಗಿಡಗಳೇ ಬೇರೆ ಇರುತ್ತವೆ. ಅವುಗಳ ಹೂವಿನಲ್ಲಿ ಪರಾಗ ಇರುವುದಿಲ್ಲ. ದೊಡ್ಡ ಹಣ್ಣು ಹೊತ್ತ ಗಿಡವೇ ಬೇಕೆಂದು ಫ್ರೆಜಿಯೆ ಆರಿಸಿದ್ದರಿಂದ ಹೀಗಾಗಿರಬೇಕು ಎಂಬುದು ಈ ಬೆಳೆಯ ಇತಿಹಾಸ ಬರೆದವರ ಅಂದಾಜು. ಚಿಲಿಯ ಹೊಲದಲ್ಲಿ ಆ ಹೆಣ್ಣು ಗಿಡಗಳ ಪಕ್ಕದಲ್ಲೇ ಪರಾಗ ಕೊಡುವ ಗಿಡಗಳೂ ಇದ್ದವು. ಜೇನು ಒಂದರಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಅಲ್ಲಿ ಹಣ್ಣು ಬರುತ್ತಿದ್ದುದು ಇಡೀ ಹೊಲದ ಕೂಡು ಕೆಲಸದಿಂದ. ಫ್ರೆಜಿಯೆ ಹೊಲದಿಂದ ಕೆಲವು ಗಿಡಗಳನ್ನಷ್ಟೇ ಎತ್ತಿಕೊಂಡ.

ಪರಾಗ ಇಲ್ಲದಿದ್ದರೆ ಸ್ಟ್ರಾಬೆರಿ ಹಣ್ಣು ಉಬ್ಬುವುದಿಲ್ಲ. ಹಣ್ಣಿನ ಮೈಮೇಲೆ ಕಾಣುವ ಸಣ್ಣ ಕಾಳುಗಳಲ್ಲಿ ಒಂದೊಂದಕ್ಕೂ ಪರಾಗ ತಾಗಬೇಕು. ಕಾಳು ಕಟ್ಟಿದ ಕಡೆ ಮಾತ್ರ ಕೆಳಗಿನ ತಿರುಳು ಬೆಳೆಯುತ್ತದೆ. ಪರಾಗ ತಾಗದ ಕಡೆ ಹಣ್ಣು ಮುದುಡಿ ಸೊಟ್ಟಗಾಗುತ್ತದೆ.

ಪಕ್ಕದಲ್ಲಿ ಯೂರೋಪಿನ ಕಾಡು ಸ್ಟ್ರಾಬೆರಿ ಇತ್ತಲ್ಲ, ಅದರ ಪರಾಗ ಸಾಲದೇ? ಸಾಲದು. ಇದರ ಕಾರಣ ಗೊತ್ತಾದದ್ದು 20ನೆಯ ಶತಮಾನದಲ್ಲಿ. ಜೀವಕೋಶದೊಳಗೆ ಗುಣಗಳನ್ನು ಹೊತ್ತ ವರ್ಣತಂತುಗಳಿರುತ್ತವೆ. ಯೂರೋಪಿನ ಕಾಡು ಸ್ಟ್ರಾಬೆರಿಯಲ್ಲಿ ಅವು 14, ಚಿಲಿಯದರಲ್ಲಿ 56. ಎರಡಕ್ಕೂ ಸಂಬಂಧ ಕೂಡುವುದಿಲ್ಲ.

ರೈತರ ಸಾಲು, ಹುಡುಗನ ಕುಂಡ

ಗಂಟು ಬಿಚ್ಚಿದ್ದು ಎರಡು ಕಡೆಯಿಂದ.

ಒಂದು, ಫ್ರಾನ್ಸಿನ ಪಶ್ಚಿಮ ತುದಿಯ ಬ್ರೆಸ್ಟ್ ಬಂದರಿನ ಪಕ್ಕದ ಪ್ಲುಗಾಸ್ಟೆಲ್ ಎಂಬ ಊರು. ಸಮುದ್ರದ ಗಾಳಿ, ಹೆಚ್ಚು ಚಳಿಯಿಲ್ಲದ ಹವೆ, ಚಿಲಿಯ ಕರಾವಳಿಯಂಥದೇ. ಅಲ್ಲಿನ ರೈತರು ಚಿಲಿಯ ಗಿಡದ ಸಾಲುಗಳ ನಡುವೆ ಬೇರೆ ಸ್ಟ್ರಾಬೆರಿಗಳನ್ನು ನೆಟ್ಟರು. ಅದರಲ್ಲಿ ಮುಖ್ಯವಾದದ್ದು ಉತ್ತರ ಅಮೆರಿಕದ ಕಾಡಿನಿಂದ 17ನೆಯ ಶತಮಾನದಲ್ಲಿ ಯೂರೋಪಿಗೆ ಬಂದಿದ್ದ ವರ್ಜೀನಿಯಾ ಸ್ಟ್ರಾಬೆರಿ. ಚಿಕ್ಕ ಹಣ್ಣು, ಕಡು ಕೆಂಪು, ಒಳ್ಳೆ ಪರಿಮಳ. ಅದರ ವರ್ಣತಂತುಗಳೂ 56. ಪ್ಲುಗಾಸ್ಟೆಲ್ಲಿನಲ್ಲಿ ಚಿಲಿಯ ಗಿಡ ಮೈತುಂಬ ಹಣ್ಣು ಬಿಟ್ಟಿತು. ರೈತರಿಗೆ ವರ್ಣತಂತುವಿನ ಲೆಕ್ಕ ಗೊತ್ತಿರಲಿಲ್ಲ. ಸಾಲು ಬೆರೆಸಿದರೆ ಹಣ್ಣು ಬರುತ್ತದೆ ಎಂಬುದು ಗೊತ್ತಿತ್ತು. ಆ ಊರು ಮುಂದೆ ಸ್ಟ್ರಾಬೆರಿಯಿಂದಲೇ ಹೆಸರಾಯಿತು. ಇಂದು ಅಲ್ಲಿ ಸ್ಟ್ರಾಬೆರಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ.

ಇನ್ನೊಂದು ಕಡೆ ಒಬ್ಬ ಹುಡುಗ. ಹೆಸರು ಆಂತ್ವಾನ್ ನಿಕೊಲಾ ದ್ಯುಶೆನ್, ಹುಟ್ಟಿದ್ದು 1747ರಲ್ಲಿ. ಸ್ಟ್ರಾಬೆರಿ ಹೂಗಳನ್ನು ಬಿಡಿಸಿ ಬಿಡಿಸಿ ನೋಡಿ, ಕೆಲವು ಗಿಡ ಗಂಡು, ಕೆಲವು ಹೆಣ್ಣು ಎಂದು ಕಂಡುಕೊಂಡ. ಚಿಲಿಯ ಗಿಡವೊಂದಕ್ಕೆ ಕಸ್ತೂರಿ ಸ್ಟ್ರಾಬೆರಿ ಎಂಬ ಇನ್ನೊಂದು ಜಾತಿಯ ಪರಾಗ ಸಿಗುವಂತೆ ಮಾಡಿ ದೊಡ್ಡ ಹಣ್ಣು ಬರಿಸಿದ. 1764ರ ಜುಲೈ 6ರಂದು ಹಣ್ಣು ತುಂಬಿದ ಆ ಕುಂಡವನ್ನು ದೊರೆ ಹದಿನೈದನೆಯ ಲೂಯಿಯ ಮುಂದಿಟ್ಟ. ಆಗ ಅವನಿಗೆ ಹದಿನೇಳು ವರ್ಷ ತುಂಬಿರಲಿಲ್ಲ. ದೊರೆ ಮೆಚ್ಚಿ ಅರಮನೆಯ ತೋಟದಲ್ಲಿ ಸ್ಟ್ರಾಬೆರಿಗಳನ್ನು ಕೂಡಿಹಾಕಲು ಅವಕಾಶ ಕೊಟ್ಟ.

1766ರಲ್ಲಿ ದ್ಯುಶೆನ್ ಸ್ಟ್ರಾಬೆರಿಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಆ ಹೊತ್ತಿಗೆ ಯೂರೋಪಿನ ತೋಟಗಳಲ್ಲಿ ಹೊಸ ಬಗೆಯ ದಪ್ಪ ಹಣ್ಣಿನ ಗಿಡಗಳು ಕಾಣತೊಡಗಿದ್ದವು. ಅನಾನಸ್ಸಿನ ಪರಿಮಳ ಎಂದು ಜನ ಅದಕ್ಕೆ ಅನಾನಸ್ ಸ್ಟ್ರಾಬೆರಿ ಎನ್ನುತ್ತಿದ್ದರು. ಇದು ಚಿಲಿಯ ಹೆಣ್ಣು ಗಿಡಕ್ಕೆ ವರ್ಜೀನಿಯಾದ ಪರಾಗ ಸೇರಿ, ಆ ಹಣ್ಣಿನ ಬೀಜ ಬಿದ್ದು ಮೊಳೆತ ಬೆರಕೆ ತಳಿ ಎಂದು ದ್ಯುಶೆನ್ ಹೇಳಿದ. ಅವನ ಮಾತು ಸರಿಯಾಗಿತ್ತು. ಇಂದಿನ ಪೇಟೆ ಸ್ಟ್ರಾಬೆರಿ ಇದೇ.

ದಕ್ಷಿಣ ಅಮೆರಿಕದ ಗಿಡವೂ ಉತ್ತರ ಅಮೆರಿಕದ ಗಿಡವೂ ಸಾವಿರಾರು ಮೈಲಿ ದಾಟಿ ಬಂದು ಯೂರೋಪಿನ ತೋಟದಲ್ಲಿ ಅಕ್ಕಪಕ್ಕ ಬೆಳೆದು ಕೂಡಿದವು. ಒಂದೇ ಗಿಡದ ಹಂಬನ್ನು ಎಷ್ಟು ಸಾವಿರ ಸಲ ಕತ್ತರಿಸಿ ನೆಟ್ಟರೂ ಈ ಹೊಸ ಹಣ್ಣು ಹುಟ್ಟುತ್ತಿರಲಿಲ್ಲ.

ಫ್ರೆಜಿಯೆ ತನ್ನ ಕೆಲಸದ ಕೊನೆಯ ವರ್ಷಗಳನ್ನು ಕಳೆದದ್ದು ಅದೇ ಬ್ರೆಸ್ಟಿನಲ್ಲಿ. 1773ರಲ್ಲಿ, ತೊಂಬತ್ತು ದಾಟಿದ ಮೇಲೆ ತೀರಿಕೊಂಡ. ಅಷ್ಟರಲ್ಲಿ ಕೊಲ್ಲಿಯ ಆಚೆ ದಡದ ಹೊಲಗಳಲ್ಲಿ ಅವನ ಗಿಡದ ಸಂತತಿ ಹಣ್ಣು ಬಿಡುತ್ತಿತ್ತು.

ತೋಟಗಾರನ ಮಗ ಹೇಳಿದ ಮಾತು

ದ್ಯುಶೆನ್ ಬರೆದಿಟ್ಟ ಮೇಲೆ ಎಲ್ಲರಿಗೂ ತಿಳಿಯಿತು ಎಂದುಕೊಂಡರೆ ತಪ್ಪು. 19ನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಸಿನ್ಸಿನಾಟಿ ಪಟ್ಟಣದಲ್ಲಿ ನಿಕೊಲಸ್ ಲಾಂಗ್‌ವರ್ತ್ ಎಂಬ ದೊಡ್ಡ ಜಮೀನುದಾರನಿದ್ದ. ಅವನ ಸ್ಟ್ರಾಬೆರಿ ಮಡಿಗಳಲ್ಲಿ ಹೂವಿಗೆ ತಕ್ಕ ಹಣ್ಣಿಲ್ಲ. ಆದರೆ ಅದೇ ಊರಿನ ಸಾಮಾನ್ಯ ತೋಟಗಾರನೊಬ್ಬ, ಜರ್ಮನಿಯಿಂದ ವಲಸೆ ಬಂದವನು, ಸ್ವಲ್ಪವೇ ಜಾಗದಲ್ಲಿ ರಾಶಿ ಹಣ್ಣು ಬೆಳೆದು ಸಂತೆಗೆ ತರುತ್ತಿದ್ದ. ಗುಟ್ಟು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ.

ಒಂದು ದಿನ ಆ ತೋಟಗಾರನ ಮಗ ಲಾಂಗ್‌ವರ್ತನ ತೋಟಕ್ಕೆ ಬಂದವನು ಗಿಡಗಳನ್ನು ನೋಡಿ, ಇವೆಲ್ಲ ಗಂಡು, ಇದರಲ್ಲಿ ಹಣ್ಣು ಅಷ್ಟಕ್ಕಷ್ಟೆ ಎಂಬ ಅರ್ಥದ ಮಾತಾಡಿಬಿಟ್ಟ. ಲಾಂಗ್‌ವರ್ತ್‌ಗೆ ಅಷ್ಟು ಸಾಕಾಯಿತು. ಹೂಗಳನ್ನು ಪರೀಕ್ಷಿಸಿ ಗಂಡು ಹೆಣ್ಣು ಬೇರೆ ಮಾಡಿದ. ಹೆಣ್ಣು ಗಿಡ ಹೆಚ್ಚು, ನಡುನಡುವೆ ಗಂಡು ಸ್ವಲ್ಪ ಎಂದು ಲೆಕ್ಕ ಹಾಕಿ ನೆಟ್ಟ. ಗುಟ್ಟನ್ನು ಎಲ್ಲರಿಗೂ ಸಾರಿದ. ಮಸಾಚುಸೆಟ್ಸಿನ ಹೆಸರಾಂತ ನರ್ಸರಿಯವ ಚಾರ್ಲ್ಸ್ ಹೋವಿ ಇದನ್ನು ಒಪ್ಪಲಿಲ್ಲ. 1840ರ ದಶಕದಲ್ಲಿ ತೋಟಗಾರಿಕೆ ಪತ್ರಿಕೆಗಳಲ್ಲಿ ಈ ಜಗಳ ಎಷ್ಟು ಜೋರಾಯಿತೆಂದರೆ ಅದಕ್ಕೆ ‘ಸ್ಟ್ರಾಬೆರಿ ಯುದ್ಧ’ ಎಂದೇ ಹೆಸರು ಬಿತ್ತು. ಕೊನೆಗೆ ಗೆದ್ದದ್ದು ಲಾಂಗ್‌ವರ್ತನ ವಾದ, ಅಂದರೆ ಸಂತೆ ತೋಟಗಾರನ ಗುಟ್ಟು.

ಈ ಕಥೆಯಲ್ಲಿ ಸಂತೆಯ ತೋಟಗಾರ, ಪ್ಲುಗಾಸ್ಟೆಲ್ಲಿನ ರೈತರು, ಚಿಲಿಯ ಮಾಪುಚೆ ಬೆಳೆಗಾರರು ಮೂವರೂ ಪುಸ್ತಕ ಬರೆದವರಲ್ಲ. ಯಾವ ಗಿಡದ ಪಕ್ಕ ಯಾವ ಗಿಡ ಇರಬೇಕು ಎಂಬುದು ಮಾತ್ರ ಅವರಿಗೆ ಗೊತ್ತಿತ್ತು. ಗಿಡ ತಂದವರು ಆ ಪ್ರಶ್ನೆ ಕೇಳಿದ್ದರೆ ಎಷ್ಟೋ ವರ್ಷ ಉಳಿಯುತ್ತಿತ್ತು.

ಬೆಟ್ಟದ ಒಂದು ಗಂಡು ಗಿಡ

ಹಣ್ಣು ಬಿಡದ ಗಿಡ ಎಷ್ಟು ಬೆಲೆಬಾಳಬಹುದು ಎನ್ನುವುದಕ್ಕೆ ಇನ್ನೊಂದು ಉದಾಹರಣೆಯಿದೆ. ಹಳೆಯ ಸ್ಟ್ರಾಬೆರಿ ತಳಿಗಳಲ್ಲಿ ಹೆಚ್ಚಿನವು ಹಗಲಿನ ಉದ್ದ ನೋಡಿ ಹೂ ಬಿಡುತ್ತವೆ. ಹಾಗಾಗಿ ಹಣ್ಣು ಕೆಲವೇ ವಾರ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಯ್ಸ್ ಬ್ರಿಂಗ್‌ಹರ್ಸ್ಟ್ ಯೂಟಾ ರಾಜ್ಯದ ವಾಸಾಚ್ ಬೆಟ್ಟದಿಂದ ಒಂದು ಕಾಡು ಸ್ಟ್ರಾಬೆರಿ ತಂದರು. ಅದು ಗಂಡು ಗಿಡ. ಹಣ್ಣೇ ಬಿಡದು. ಆದರೆ ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ಗುಣ ಅದರಲ್ಲಿತ್ತು. ಅದರ ಪರಾಗವನ್ನು ತೋಟದ ತಳಿಗಳಿಗೆ ಕೂಡಿಸಿ, ತಲೆಮಾರುಗಳ ಕಾಲ ಆರಿಸಿ, 1979ರಲ್ಲಿ ಮೊದಲ ತಳಿಗಳನ್ನು ಬಿಡುಗಡೆ ಮಾಡಿದರು. ತಿಂಗಳುಗಟ್ಟಲೆ ಹಣ್ಣು ಕೊಡುವ ಇಂದಿನ ಹಲವು ತಳಿಗಳಿಗೆ ಆ ಗುಣ ಬಂದದ್ದು ಬೆಟ್ಟದ ಆ ಗಂಡು ಗಿಡದಿಂದ.

ಹಣ್ಣು ನೋಡಿ ಗಿಡ ಆರಿಸುವ ನರ್ಸರಿಯವನಾದರೆ ಅದನ್ನು ಮುಟ್ಟುತ್ತಲೇ ಇರಲಿಲ್ಲ.

ನಮ್ಮ ಕಡೆಯ ನಾಡ ಸ್ಟ್ರಾಬೆರಿ

ನಮಗೆ ಹತ್ತಿರದ ಸ್ಟ್ರಾಬೆರಿ ನಾಡು ಮಹಾರಾಷ್ಟ್ರದ ಮಹಾಬಳೇಶ್ವರ. ಅಲ್ಲಿನ ಹಣ್ಣಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಗಿಡ ಅಲ್ಲಿನದಲ್ಲ. ಬೆಳೆಗಾರರು ಹೊರದೇಶದ ತಳಿಗಳ ತಾಯಿ ಗಿಡ ತರಿಸಿ, ಹಂಬಿನಿಂದ ಸಸಿ ಮಾಡಿಕೊಂಡು, ಮಳೆ ಇಳಿದ ಮೇಲೆ ನೆಡುತ್ತಾರೆ. ಆ ತಳಿಗಳ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ಫ್ರೆಜಿಯೆಯ ಪೇಚು ಅವರಿಗಿಲ್ಲ.

ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ ಒಂದು ನಿಜವಾದ ನಾಡ ಸ್ಟ್ರಾಬೆರಿ ಇದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರೇ ನೀಲಗಿರಿಯದು: ಫ್ರಗೇರಿಯಾ ನೀಲ್ಗೆರೆನ್ಸಿಸ್. ಈಶಾನ್ಯ ಭಾರತ, ಚೀನಾದ ಬೆಟ್ಟಗಳಲ್ಲೂ ಇದೇ ಜಾತಿ ಬೆಳೆಯುತ್ತದೆ. ಬಿಳಿ ಹೂ, ರೋಮ ತುಂಬಿದ ಎಲೆ, ಬಿಳುಪು ಅಥವಾ ನಸುಗೆಂಪಿನ ಪುಟ್ಟ ಹಣ್ಣು. ತಂಪು ಬೆಟ್ಟಗಳಲ್ಲಿ ಇನ್ನೊಂದು ಗಿಡವೂ ಸಿಗುತ್ತದೆ, ನೋಡಲು ಸ್ಟ್ರಾಬೆರಿಯಂತೆಯೇ. ಅದರ ಹೂ ಹಳದಿ, ಹಣ್ಣು ಕೆಂಪಾದರೂ ಸಪ್ಪೆ. ಹೂ ಹಳದಿಯಾಗಿದ್ದರೆ ಅದು ಸ್ಟ್ರಾಬೆರಿಯಲ್ಲ ಎಂದು ತಿಳಿಯಿರಿ.

ಕಾಡಿನ ಗಿಡವನ್ನು ಕಿತ್ತು ತರುವುದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಒಪ್ಪಿಗೆ ಪಡೆದು ನಾಡ ಸ್ಟ್ರಾಬೆರಿಯನ್ನಾಗಲಿ, ಬೇರೆ ಯಾವುದೇ ನಾಡ ಗಿಡವನ್ನಾಗಲಿ ನರ್ಸರಿಯಲ್ಲಿ ಹೆಚ್ಚಿಸುವವರಿಗೆ ಈ ಇತಿಹಾಸ ಕೆಲವು ಮಾತು ಹೇಳುತ್ತದೆ.

ಒಂದೇ ಗಿಡದಿಂದ ನರ್ಸರಿ ಶುರು ಮಾಡಬೇಡಿ. ಬೇರೆ ಬೇರೆ ಜಾಗದ ಹಲವು ತಾಯಿಗಳಿಂದ ಸ್ವಲ್ಪ ಸ್ವಲ್ಪ ತನ್ನಿ. ಗಿಡ ಕೀಳುವ ಬದಲು ಹಂಬಿನ ಮರಿಯನ್ನೋ ಹಣ್ಣಿನ ಬೀಜವನ್ನೋ ತಂದರೆ ಕಾಡಿನ ತಾಯಿ ಅಲ್ಲೇ ಉಳಿಯುತ್ತದೆ.

ಹೂ ಬಂದಾಗ ಒಂದೊಂದನ್ನೂ ಬಿಡಿಸಿ ನೋಡಿ. ನಡುವಿನ ಉಬ್ಬಿನ ಸುತ್ತ ಹಳದಿ ಪುಡಿ ಹೊತ್ತ ಕೇಸರಗಳಿದ್ದರೆ ಪರಾಗ ಉಂಟು. ಕೇಸರ ಬತ್ತಿ ಹೋಗಿದ್ದರೆ ಅದು ಹೆಣ್ಣು, ಪಕ್ಕದಲ್ಲಿ ಪರಾಗದ ಗಿಡ ಬೇಕು.

ಹಂಬಿನ ಮರಿಯನ್ನು ಮಣ್ಣು ತುಂಬಿದ ಚೀಲದ ಮೇಲೆ ಕೂರಿಸಿ, ಬಾಗಿಸಿದ ತಂತಿಯಿಂದ ಒತ್ತಿಡಿ. ಬೇರು ಹಿಡಿದ ಮೇಲೆ ಹಂಬು ಕತ್ತರಿಸಿ. ನೆಡುವಾಗ ಸುಳಿ ಮಣ್ಣಿನ ಮಟ್ಟಕ್ಕೇ ಇರಲಿ. ಹೂತರೆ ಕೊಳೆಯುತ್ತದೆ, ಮೇಲೆದ್ದರೆ ಬೇರು ಒಣಗುತ್ತದೆ. ಎಲೆ ಮುರುಟಿದ ತಾಯಿಯಿಂದ ಮರಿ ತೆಗೆಯಬೇಡಿ.

ಜೊತೆಗೆ ಕೆಲವು ಸಸಿಗಳನ್ನಾದರೂ ಬೀಜದಿಂದ ಎಬ್ಬಿಸಿ. ಅವು ನಿಧಾನ, ಒಂದರಂತೆ ಒಂದು ಇರುವುದಿಲ್ಲ. ಆ ವ್ಯತ್ಯಾಸದಿಂದಲೇ ಹೊಸದು ಬರುವುದು.

ಚಿಲಿಯ ಪುರೇನ್, ಕೊಂತುಲ್ಮೊ ಎಂಬ ಊರುಗಳ ಸುತ್ತ ಸಣ್ಣ ರೈತರು ಇಂದಿಗೂ ತಮ್ಮ ಬಿಳಿ ಸ್ಟ್ರಾಬೆರಿಯನ್ನು ಸಣ್ಣ ಹೊಲಗಳಲ್ಲಿ ಬೆಳೆಯುತ್ತಿದ್ದಾರೆ. ಜಗತ್ತಿನ ಪೇಟೆಯನ್ನೆಲ್ಲ ಅವರ ಗಿಡದ ಬೆರಕೆ ಸಂತತಿ ಆಳುತ್ತಿದ್ದರೂ ಮೂಲ ಗಿಡ ಉಳಿದಿರುವುದು ಆ ಹೊಲಗಳಲ್ಲಿ. ನರ್ಸರಿ ಮಾಡುವವರು ಪ್ರತಿ ಚೀಲದ ಮೇಲೂ ತಾಯಿ ಗಿಡದ ಸಂಖ್ಯೆ ಮತ್ತು ಅದು ಬಂದ ಜಾಗದ ಹೆಸರು ಬರೆದಿಡಿ. ಆ ಜಾಗದಲ್ಲಿ ಅದನ್ನು ಬಲ್ಲವರು ಯಾರಾದರೂ ಇದ್ದರೆ, ಅದರ ಪಕ್ಕದಲ್ಲಿ ಏನು ಬೆಳೆಯುತ್ತದೆ ಎಂದು ಕೇಳಿಕೊಂಡು ಬನ್ನಿ.